ಅಶ್ವಗಂಧ, ಅರಿಸಿನದ ಕ್ಯಾಪ್ಸೂಲ್: ಲೇಬಲ್ ಓದುವುದು ಹೇಗೆ? ಥೈರಾಯ್ಡ್, ಬಿಪಿ ಮಾತ್ರೆಗಳ ಜೊತೆ ಆಗುತ್ತದೆಯೇ?

ಹೊಂಗೆನೆರಳು (ಪ್ರಶ್ನೆ)

ಒಂದೇ ಗಿಡದ ಹೆಸರು ಹೊತ್ತ ಮೂರು ಡಬ್ಬಿಗಳನ್ನು ಹೋಲಿಸಲು ಹೊರಟರೆ ಲೆಕ್ಕವೇ ಕೂಡುತ್ತಿಲ್ಲ.

ಮೊದಲನೆಯದರ ಮೇಲೆ ದಪ್ಪಕ್ಷರದಲ್ಲಿ ‘ಅಶ್ವಗಂಧ 500 ಮಿ.ಗ್ರಾಂ’ ಎಂದಿದೆ. ಹಿಂದೆ ಸಣ್ಣಕ್ಷರದಲ್ಲಿ ‘ಬೇರಿನ ಪುಡಿ’. ಎರಡನೆಯದರಲ್ಲಿ ‘ಬೇರಿನ ಸಾರ 300 ಮಿ.ಗ್ರಾಂ, ವಿಥನೊಲೈಡ್ ಶೇ. 5’. ಮೂರನೆಯದರಲ್ಲಿ ‘10:1 ಸಾರ 500 ಮಿ.ಗ್ರಾಂ, 5000 ಮಿ.ಗ್ರಾಂ ಗಿಡಕ್ಕೆ ಸಮ’. ಇವಲ್ಲದೆ ಅರಿಸಿನದ ಕ್ಯಾಪ್ಸೂಲ್ ಒಂದಿದೆ: ಕರ್ಕ್ಯುಮಿನ್ ಸಾರ 500 ಮಿ.ಗ್ರಾಂ, ಪೈಪರಿನ್ 5 ಮಿ.ಗ್ರಾಂ.

ತೆಗೆದುಕೊಳ್ಳಬೇಕೆಂದಿರುವವರಿಗೆ 56 ವರ್ಷ. ನಿದ್ದೆ ಸರಿಯಾಗಿ ಬರುವುದಿಲ್ಲ, ಮಂಡಿನೋವು ಇದೆ. ದಿನವೂ ಥೈರಾಯ್ಡ್‌ಗೆ ಲೆವೊಥೈರಾಕ್ಸಿನ್, ಬಿಪಿಗೆ ಅಮ್ಲೊಡಿಪಿನ್, ಶುಗರ್‌ಗೆ ಮೆಟ್‌ಫಾರ್ಮಿನ್ ನಡೆಯುತ್ತಿವೆ. ನನ್ನ ಪ್ರಶ್ನೆಗಳು ಇಷ್ಟು. ಮೂರರಲ್ಲಿ ಯಾವುದರಲ್ಲಿ ನಿಜಕ್ಕೂ ಹೆಚ್ಚು ಅಂಶವಿದೆ? ಈ ಮಾತ್ರೆಗಳ ಜೊತೆ ಇವು ಆಗುತ್ತವೆಯೇ? ಕಂಪನಿ ಕೊಟ್ಟ ಲ್ಯಾಬ್ ವರದಿಯಲ್ಲಿ ಎಲ್ಲ ಸಾಲಿನ ಮುಂದೆಯೂ ‘ಪಾಸ್’ ಎಂದಷ್ಟೇ ಇದೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

---

ತಕ್ಕಡಿ

ಮೊದಲು ಲೆಕ್ಕ ಮುಗಿಸೋಣ. ಡಬ್ಬಿಯ ಮುಂಭಾಗದ ಮಿ.ಗ್ರಾಂ ಸಂಖ್ಯೆ ಕ್ಯಾಪ್ಸೂಲ್‌ನೊಳಗಿನ ಪುಡಿಯ ತೂಕವನ್ನು ಹೇಳುತ್ತದೆ. ಕೆಲಸ ಮಾಡುವ ಅಂಶ ಎಷ್ಟಿದೆ ಎಂದು ಹೇಳುವುದಿಲ್ಲ.

ಎರಡನೆಯ ಡಬ್ಬಿಯದು ಸುಲಭ. 300 ಮಿ.ಗ್ರಾಂನಲ್ಲಿ ಶೇ. 5 ಅಂದರೆ 15 ಮಿ.ಗ್ರಾಂ ವಿಥನೊಲೈಡ್ (ಅಶ್ವಗಂಧದಲ್ಲಿ ಕೆಲಸ ಮಾಡುವ ಅಂಶ). ಮೊದಲನೆಯದು ಬರೀ ಬೇರಿನ ಪುಡಿ. ಒಣ ಬೇರಿನಲ್ಲಿ ವಿಥನೊಲೈಡ್ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ, ಹಾಗಾಗಿ 500 ಮಿ.ಗ್ರಾಂ ಪುಡಿಯಲ್ಲಿ ಸಿಗುವುದು 5 ಮಿ.ಗ್ರಾಂಗಿಂತ ಕಡಿಮೆ. ಅಂದರೆ ದೊಡ್ಡ ಸಂಖ್ಯೆ ಇರುವ ಡಬ್ಬಿಯಲ್ಲೇ ಅಂಶ ಕಡಿಮೆ.

ಮೂರನೆಯದರ ಲೆಕ್ಕ ಹಾಕಲು ಸಾಧ್ಯವೇ ಇಲ್ಲ. 10:1 ಅಂದರೆ 10 ಕಿಲೋ ಗಿಡದಿಂದ 1 ಕಿಲೋ ಸಾರ ತೆಗೆದಿದ್ದಾರೆ ಅಂತ ಮಾತ್ರ. ನೀರಿನಲ್ಲಿ ತೆಗೆದರೋ ಆಲ್ಕೋಹಾಲ್‌ನಲ್ಲಿ ತೆಗೆದರೋ ಗೊತ್ತಿಲ್ಲ. ನೀರಿನಲ್ಲಿ ಕುದಿಸಿದರೆ ಸಕ್ಕರೆ, ಪಿಷ್ಟದಂಥವು ಹೆಚ್ಚು ಬರುತ್ತವೆ, ಆಲ್ಕೋಹಾಲ್ ಬೇರೆ ಅಂಶಗಳನ್ನು ಎಳೆಯುತ್ತದೆ. ತೆಗೆದ ಸಾರ ಅಂಟಂಟಾಗಿರುವುದರಿಂದ ಒಣಗಿಸುವಾಗ ಮಾಲ್ಟೊಡೆಕ್ಸ್‌ಟ್ರಿನ್ ಸೇರಿಸುವುದು ರೂಢಿ. ಅದನ್ನು ಎಷ್ಟು ಸೇರಿಸಿದ್ದಾರೆ ಎಂಬುದು ಅನುಪಾತದಲ್ಲಿ ಕಾಣುವುದಿಲ್ಲ. ‘5000 ಮಿ.ಗ್ರಾಂಗೆ ಸಮ’ ಎಂಬ ಮಾತನ್ನು ನಾನಂತೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅರಿಸಿನದಲ್ಲಿ ಈ ಅಂತರ ಇನ್ನೂ ದೊಡ್ಡದು. ಅರಿಸಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ಶೇ. 3. 500 ಮಿ.ಗ್ರಾಂ ಪುಡಿ ತುಂಬಿದ ಕ್ಯಾಪ್ಸೂಲ್‌ನಲ್ಲಿ ಸುಮಾರು 15 ಮಿ.ಗ್ರಾಂ. ಶೇ. 95ರ ಸಾರವಾದರೆ ಅದೇ 500ರಲ್ಲಿ 475 ಮಿ.ಗ್ರಾಂ. ಎರಡರ ಮುಂಭಾಗದಲ್ಲೂ ‘ಅರಿಸಿನ 500’ ಎಂದೇ ಬರೆಯಬಹುದು. ಮೂವತ್ತು ಪಟ್ಟು ವ್ಯತ್ಯಾಸ!

ಹಾಗಾಗಿ ಲೇಬಲ್‌ನಲ್ಲಿ ಹುಡುಕಬೇಕಾದದ್ದು: ಗಿಡದ ಸಸ್ಯಶಾಸ್ತ್ರೀಯ ಹೆಸರು, ಬಳಸಿದ ಭಾಗ, ಪುಡಿಯೋ ಸಾರವೋ, ಸಾರವಾದರೆ ಯಾವ ಅಂಶ ಶೇಕಡಾ ಎಷ್ಟು, ಆ ಶೇಕಡಾವನ್ನು ಯಾವ ವಿಧಾನದಲ್ಲಿ ಅಳೆದಿದ್ದಾರೆ. ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ವಿಥನೊಲೈಡನ್ನು ಗ್ರಾವಿಮೆಟ್ರಿಯಲ್ಲಿ, ಅಂದರೆ ಬೇರ್ಪಡಿಸಿ ತೂಗುವ ವಿಧಾನದಲ್ಲಿ ಅಳೆದರೆ ಜೊತೆಗೆ ಬಂದ ಬೇರೆ ವಸ್ತುಗಳೂ ಎಣಿಕೆಗೆ ಸೇರುತ್ತವೆ. ಎಚ್‌ಪಿಎಲ್‌ಸಿಯಲ್ಲಿ ಒಂದೊಂದು ಅಂಶವನ್ನೂ ಬೇರೆ ಬೇರೆಯಾಗಿ ಗುರುತಿಸುತ್ತಾರೆ, ಸಂಖ್ಯೆ ಕೆಳಗೆ ಬರುತ್ತದೆ. ‘ಎಚ್‌ಪಿಎಲ್‌ಸಿಯಲ್ಲಿ ಶೇ. 2.5’ ಎಂದು ಬರೆದವರ ಸರಕು ‘ಗ್ರಾವಿಮೆಟ್ರಿಯಲ್ಲಿ ಶೇ. 5’ ಎಂದು ಬರೆದವರ ಸರಕಿಗೆ ಸಮನಾಗಿರಬಹುದು, ಮೇಲೂ ಆಗಿರಬಹುದು.

ಇನ್ನು ಭಾಗದ ವಿಷಯ. ಅಶ್ವಗಂಧದ ಎಲೆ ಅಗ್ಗ, ಬೇರು ದುಬಾರಿ. ಎಲೆಯಲ್ಲಿ ವಿಥಾಫೆರಿನ್-ಎ ಹೆಚ್ಚು. ಅದು ಜೀವಕೋಶಗಳಿಗೆ ವಿಷಕಾರಿ. ಎಲೆ ಬೆರೆಸಿದರೆ ಒಟ್ಟು ವಿಥನೊಲೈಡ್ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ಸರಕು ಮಾತ್ರ ಬೇರೆ. ‘ಬೇರು’ ಎಂದು ಸ್ಪಷ್ಟವಾಗಿ ಬರೆದಿರಬೇಕು, ವರದಿಯಲ್ಲಿ ವಿಥಾಫೆರಿನ್-ಎ ಬೇರೆ ಸಾಲಾಗಿ ಇದ್ದರೆ ಇನ್ನೂ ಒಳ್ಳೆಯದು.

---

ಅರೆಯುವಕಲ್ಲು

ತಕ್ಕಡಿಯವರು ಹೇಳಿದ ಲೆಕ್ಕ ಸರಿ. ನಾನು ಮಾತ್ರೆಗಳ ಕಡೆಗೆ ಬರುತ್ತೇನೆ, ಏಕೆಂದರೆ ಈ ಪ್ರಶ್ನೆಯಲ್ಲಿ ಅಪಾಯ ಇರುವುದೇ ಅಲ್ಲಿ.

ಲೆವೊಥೈರಾಕ್ಸಿನ್ ಮತ್ತು ಅಶ್ವಗಂಧ. ಅಶ್ವಗಂಧ ಥೈರಾಯ್ಡ್ ಹಾರ್ಮೋನುಗಳನ್ನು ಏರಿಸಬಲ್ಲದು. ಥೈರಾಯ್ಡ್ ಸ್ವಲ್ಪವೇ ಮಂದವಾಗಿದ್ದವರಿಗೆ ದಿನಕ್ಕೆ 600 ಮಿ.ಗ್ರಾಂ ಬೇರಿನ ಸಾರವನ್ನು 8 ವಾರ ಕೊಟ್ಟ ಪ್ರಯೋಗದಲ್ಲಿ ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಏರಿ, ಥೈರಾಯ್ಡನ್ನು ಚುರುಕುಗೊಳಿಸಲು ಮೆದುಳಿನಡಿಯ ಗ್ರಂಥಿ ಕಳಿಸುವ ಟಿಎಸ್‌ಎಚ್ ಇಳಿಯಿತು. ಆಗಲೇ ಲೆವೊಥೈರಾಕ್ಸಿನ್ ತೆಗೆದುಕೊಳ್ಳುತ್ತಿರುವವರಿಗೆ ಇದು ಮೇಲೆ ಮತ್ತೊಂದು ಪ್ರಮಾಣ ಬಿದ್ದ ಹಾಗೆ. ಎದೆಬಡಿತ, ಕೈನಡುಕ, ಬೆವರು, ನಿದ್ದೆ ಕೆಡುವುದು ಅದರ ಲಕ್ಷಣಗಳು. ನಿದ್ದೆಗಾಗಿ ಶುರು ಮಾಡಿದ್ದು ನಿದ್ದೆಯನ್ನೇ ಕೆಡಿಸಿದಾಗ ಇನ್ನೊಂದು ಕ್ಯಾಪ್ಸೂಲ್ ಹೆಚ್ಚಿಸುವ ತಪ್ಪು ಆಗುವುದುಂಟು. ಥೈರಾಯ್ಡ್ ಮಾತ್ರೆ ಕೊಡುತ್ತಿರುವ ವೈದ್ಯರಿಗೆ ತಿಳಿಸದೆ ಶುರು ಮಾಡಬೇಡಿ. ಅವರು ಒಪ್ಪಿದರೆ ಶುರುವಿಗೆ ಮುನ್ನ ಒಮ್ಮೆ, 6ರಿಂದ 8 ವಾರದ ನಂತರ ಒಮ್ಮೆ ಟಿಎಸ್‌ಎಚ್ ನೋಡಿಸಬೇಕು. ಅದಕ್ಕಿಂತ ಮೊದಲು ನೋಡಿದರೆ ಟಿಎಸ್‌ಎಚ್ ಇನ್ನೂ ಒಂದು ನೆಲೆಗೆ ಬಂದಿರುವುದಿಲ್ಲ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿರುವವರಿಗೆ, ಗರ್ಭಿಣಿಯರಿಗೆ ಅಶ್ವಗಂಧ ಬೇಡವೇ ಬೇಡ. ನಿದ್ದೆ ಮಾತ್ರೆ, ಮಂಪರು ತರಿಸುವ ಮಾತ್ರೆ ಇದ್ದರೂ ಬೇಡ, ಮಂಪರು ಕೂಡಿಕೊಳ್ಳುತ್ತದೆ.

ಅರಿಸಿನ ಮತ್ತು ಪೈಪರಿನ್. ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಬರುವುದು ತೀರಾ ಕಡಿಮೆ. ಬಂದದ್ದನ್ನೂ ಕರುಳಿನ ಗೋಡೆ ಮತ್ತು ಲಿವರ್ ಬೇಗನೆ ಬದಲಾಯಿಸಿ ಹೊರಗೆ ಕಳಿಸುತ್ತವೆ. ಕಾಳುಮೆಣಸಿನ ಪೈಪರಿನ್ ಆ ಕೆಲಸವನ್ನು ತಡೆಯುತ್ತದೆ. 1998ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ದೇಹಕ್ಕೆ ಸಿಕ್ಕ ಕರ್ಕ್ಯುಮಿನ್ ಶೇ. 2000 ಹೆಚ್ಚಿತು. ಜಾಹೀರಾತುಗಳಲ್ಲಿ ಕಾಣುವ ‘ಇಪ್ಪತ್ತು ಪಟ್ಟು’ ಬಂದದ್ದು ಅಲ್ಲಿಂದ. ಪೈಪರಿನ್‌ಗೆ ಕರ್ಕ್ಯುಮಿನ್ ಯಾವುದು, ಬೇರೆ ಔಷಧಿ ಯಾವುದು ಎಂಬ ಭೇದ ಗೊತ್ತಿಲ್ಲ. ಫೆನಿಟಾಯಿನ್, ಪ್ರೊಪ್ರನಲಾಲ್, ಥಿಯೋಫಿಲಿನ್ ಇವುಗಳ ಪ್ರಮಾಣವೂ ರಕ್ತದಲ್ಲಿ ಏರಿದ್ದು ದಾಖಲಾಗಿದೆ. ಅಮ್ಲೊಡಿಪಿನ್‌ ಅನ್ನು ಕರಗಿಸುವ ಸಿವೈಪಿ3ಎ4 ಕಿಣ್ವವನ್ನೂ ಅದು ತಡೆಯುವುದರಿಂದ ತಲೆಸುತ್ತು, ಪಾದ ಊತ ಬಂತೋ ನೋಡುತ್ತಿರಬೇಕು. ಮೊದಲ ಎರಡು ವಾರ ಮನೆಯಲ್ಲೇ ಬಿಪಿ ಬರೆದಿಟ್ಟುಕೊಳ್ಳಿ.

ಮಂಡಿನೋವಿಗೆ ಕರ್ಕ್ಯುಮಿನ್‌ನಿಂದ ಮಿತವಾದ ಉಪಯೋಗ ಆಗುತ್ತದೆ ಅನ್ನುವುದಕ್ಕೆ ಪ್ರಯೋಗಗಳಿವೆ. ಹೆಚ್ಚಿನವು 500 ಮಿ.ಗ್ರಾಂ ಸಾರವನ್ನು ದಿನಕ್ಕೆ ಎರಡು ಮೂರು ಬಾರಿ, 4ರಿಂದ 12 ವಾರ ಕೊಟ್ಟು ನೋಡಿದಂಥವು. ನೋವು ಇಳಿಯಬಹುದು, ಸವೆದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡ ಬಂದಿದ್ದರೆ, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಇದು ಬೇಡ. ಅರಿಸಿನದ ಪುಡಿಯನ್ನೇ ಗ್ರಾಂಗಟ್ಟಲೆ ತೆಗೆದುಕೊಂಡರೆ ಮೂತ್ರದಲ್ಲಿ ಆಕ್ಸಲೇಟ್ ಹೆಚ್ಚುತ್ತದೆ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆಗುವವರಿಗೆ ಅದು ಒಳ್ಳೆಯದಲ್ಲ.

ಮೆಟ್‌ಫಾರ್ಮಿನ್. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಶುಗರ್ ತೀರಾ ಇಳಿಯುವುದು ಅಪರೂಪ. ಆದರೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಸೇರಿದ ದಿನ ಲೆಕ್ಕ ಬದಲಾಗುತ್ತದೆ. ಆಗ ಮಧುನಾಶಿನಿ, ಮೆಂತ್ಯ, ಹಾಗಲದ ಸಾರಗಳನ್ನು ಮೇಲಿಂದ ಸೇರಿಸುವುದು ಅಪಾಯ.

ಅತಿಮಧುರ. ಇದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಕೆಮ್ಮು, ಆಮ್ಲೀಯತೆಗೆ ಮಾರುವ ಎಷ್ಟೋ ಮಿಶ್ರಣಗಳಲ್ಲಿ ಇದು ಇರುತ್ತದೆ. ಇದರ ಗ್ಲಿಸಿರೈಜಿನ್ ಮೂತ್ರಪಿಂಡದಲ್ಲಿ ಕಾರ್ಟಿಸಾಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲ್ ಆಲ್ಡೊಸ್ಟಿರೋನ್‌ನ ಹಾಗೆ ವರ್ತಿಸಿ ಉಪ್ಪು, ನೀರು ದೇಹದಲ್ಲೇ ಉಳಿದು, ಪೊಟ್ಯಾಸಿಯಂ ಹೊರಗೆ ಹೋಗಿ, ಬಿಪಿ ಏರುತ್ತದೆ. ಯುರೋಪಿನ ಆಹಾರ ವೈಜ್ಞಾನಿಕ ಸಮಿತಿ 2003ರಲ್ಲಿ ದಿನಕ್ಕೆ 100 ಮಿ.ಗ್ರಾಂ ಗ್ಲಿಸಿರೈಜಿನ್ ದಾಟಬಾರದು ಎಂದಿತು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಅಷ್ಟನ್ನೂ ನೆಚ್ಚಿಕೊಳ್ಳಬಾರದು. ಬೇಕೇಬೇಕೆಂದರೆ ಗ್ಲಿಸಿರೈಜಿನ್ ತೆಗೆದ ಅತಿಮಧುರ ಬೇರೆಯಾಗಿ ಸಿಗುತ್ತದೆ.

ಸೇಂಟ್ ಜಾನ್ಸ್ ವರ್ಟ್. ಸೌಮ್ಯದಿಂದ ಮಧ್ಯಮ ಮಟ್ಟದ ಖಿನ್ನತೆಗೆ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಹಾಗೆ ಕೆಲಸ ಮಾಡುವ ಗಿಡವಾದ್ದರಿಂದಲೇ ಇದರ ಬಗ್ಗೆ ಭಯವಿರಬೇಕು. ಇದರ ಹೈಪರ್‌ಫೊರಿನ್ ಲಿವರ್ ಮತ್ತು ಕರುಳಿನಲ್ಲಿ ಔಷಧಿ ಕರಗಿಸುವ ಕಿಣ್ವಗಳನ್ನು ಹೆಚ್ಚು ಹುಟ್ಟಿಸುತ್ತದೆ. ಗರ್ಭನಿರೋಧಕ ಮಾತ್ರೆ, ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಸೈಕ್ಲೊಸ್ಪೊರಿನ್, ಎಚ್‌ಐವಿ ಔಷಧಿಗಳು, ವಾರ್ಫರಿನ್, ಡಿಗಾಕ್ಸಿನ್ ಎಲ್ಲದರ ಪ್ರಮಾಣ ಇಳಿಯುತ್ತದೆ. ಅಂಗಾಂಗ ಕಸಿ ಮಾಡಿಸಿಕೊಂಡವರಲ್ಲಿ ಕಸಿಯನ್ನು ದೇಹ ತಿರಸ್ಕರಿಸಿದ ಪ್ರಕರಣಗಳಿವೆ. ನಿಲ್ಲಿಸಿದ ಮೇಲೂ ಪರಿಣಾಮ ಸುಮಾರು ಎರಡು ವಾರ ಉಳಿಯುತ್ತದೆ. ಆಮೇಲೆ ಕಿಣ್ವ ಇಳಿದಂತೆ, ಅದರ ಜೊತೆಗಿದ್ದಾಗ ಹೆಚ್ಚಿಸಿಕೊಂಡಿದ್ದ ಮಾತ್ರೆಯ ಪ್ರಮಾಣ ಅತಿಯಾಗುತ್ತದೆ. ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಸೆರೊಟೋನಿನ್ ಏರಿ ಜ್ವರ, ನಡುಕ, ಗೊಂದಲ ಉಂಟಾಗಬಹುದು. ‘ಮನಸ್ಸಿಗೆ ನೆಮ್ಮದಿ’, ‘ಒಳ್ಳೆಯ ನಿದ್ದೆ’ ಎಂದು ಬರೆದ ಮಿಶ್ರಣಗಳ ಪಟ್ಟಿಯಲ್ಲಿ ಇದು ಇದೆಯೇ ಎಂದು ಮೊದಲು ನೋಡಿ.

---

ತುಂಬೆಹೂ

ಅರಿಸಿನ, ಅತಿಮಧುರ ಸಾವಿರಾರು ವರ್ಷದಿಂದ ಬಳಕೆಯಲ್ಲಿವೆ. ಇಷ್ಟೆಲ್ಲ ಹೆದರಿಸುವ ಅಗತ್ಯವಿದೆಯೇ? ಬಳಕೆಯ ಇತಿಹಾಸವೂ ಒಂದು ಸಾಕ್ಷಿಯಲ್ಲವೇ?

---

ಅರೆಯುವಕಲ್ಲು

ಸಾಕ್ಷಿಯೇ. ಆದರೆ ಯಾವ ರೂಪದಲ್ಲಿ, ಎಷ್ಟು ಪ್ರಮಾಣದಲ್ಲಿ ಬಳಸಿದ್ದರೋ ಅದಕ್ಕೆ ಮಾತ್ರ ಸಾಕ್ಷಿ. ಅಡುಗೆಗೆ ಬೀಳುವ ಚಿಟಿಕೆ ಅರಿಸಿನದಿಂದ ಸಿಗುವ ಕರ್ಕ್ಯುಮಿನ್ ಎಷ್ಟು, ಪೈಪರಿನ್ ಸೇರಿಸಿದ ಶೇ. 95ರ ಸಾರದಿಂದ ದಿನಕ್ಕೆ ಸಿಗುವುದು ಎಷ್ಟು? ಎರಡನೆಯದಕ್ಕೆ ಸಾವಿರ ವರ್ಷದ ಇತಿಹಾಸ ಇಲ್ಲ, ಕೆಲವು ದಶಕಗಳದ್ದಷ್ಟೇ. ಗ್ರೀನ್ ಟೀಯದ್ದೂ ಇದೇ ಕತೆ. ಕುಡಿಯುವ ಚಹಾದಿಂದ ಲಿವರ್‌ಗೆ ತೊಂದರೆ ಆಗುವುದು ತೀರಾ ಅಪರೂಪ. ಸಾರದ ಮಾತ್ರೆಗಳಿಂದ ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಅಂಶ) ದಿನಕ್ಕೆ 800 ಮಿ.ಗ್ರಾಂ ಮುಟ್ಟಿದರೆ ಲಿವರ್ ಕಿಣ್ವಗಳು ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಇನ್ನೂ ಹೆಚ್ಚು ಹೀರಿಕೆಯಾಗುತ್ತದೆ. ತೂಕ ಇಳಿಸಲು ಉಪವಾಸ ಮಾಡುವವರು ನುಂಗುವುದೇ ಹಾಗೆ.

ಇನ್ನೊಂದು ಮಾತು. ನೂರರಲ್ಲಿ ಒಬ್ಬರಿಗೆ ಕೂಡಲೇ ಆಗುವ ವಾಂತಿ ಪರಂಪರೆಯ ಕಣ್ಣಿಗೆ ಬೀಳುತ್ತದೆ. ಹತ್ತಾರು ಸಾವಿರದಲ್ಲಿ ಒಬ್ಬರಿಗೆ ಮೂರು ತಿಂಗಳ ನಂತರ ಬರುವ ಕಾಮಾಲೆ ಬೀಳುವುದಿಲ್ಲ.

---

ಬೇರುಬಿಳಲು

ಲ್ಯಾಬ್ ವರದಿಯ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ‘ಪಾಸ್’ ಎಂದಷ್ಟೇ ಇರುವ ವರದಿಯಿಂದ ಏನೂ ತಿಳಿಯುವುದಿಲ್ಲ. ಕಂಪನಿಯವರಿಗೆ ಬರೆದು ನಿಮ್ಮ ಡಬ್ಬಿಯ ಬ್ಯಾಚ್‌ನ ಪೂರ್ಣ ವಿಶ್ಲೇಷಣಾ ಪ್ರಮಾಣಪತ್ರ ಕೇಳಿ. ಬಂದ ಮೇಲೆ ಈ ಕ್ರಮದಲ್ಲಿ ನೋಡಿ.

ಬ್ಯಾಚ್ ನಂಬರ್ ಡಬ್ಬಿಯದರ ಜೊತೆ ಹೊಂದುತ್ತದೆಯೇ? ಇಲ್ಲದಿದ್ದರೆ ಮುಂದೆ ಓದುವುದೇ ಬೇಡ. ಪರೀಕ್ಷೆ ಆಗಿರುವುದು ಕಚ್ಚಾ ಸಾರದ ಮೇಲೋ ಸಿದ್ಧ ಕ್ಯಾಪ್ಸೂಲ್ ಮೇಲೋ? ಸಾರ ಮಾರಿದವರು ಕೊಟ್ಟ ಕಾಗದವನ್ನೇ ಮುಂದೆ ದಾಟಿಸುವುದು ಬಹಳ ಸಾಮಾನ್ಯ. ಲ್ಯಾಬ್ ಐಎಸ್‌ಒ 17025 ಮಾನ್ಯತೆ ಪಡೆದದ್ದೇ, ಆ ಮಾನ್ಯತೆ ಈ ಪರೀಕ್ಷೆಗೂ ಅನ್ವಯಿಸುತ್ತದೆಯೇ? ಮಾನ್ಯತೆ ಲ್ಯಾಬ್‌ಗೆ ಇಡಿಯಾಗಿ ಸಿಗುವುದಿಲ್ಲ, ಪಟ್ಟಿ ಮಾಡಿದ ಪರೀಕ್ಷೆಗಳಿಗೆ ಮಾತ್ರ. ಪ್ರತಿ ಸಾಲಿನಲ್ಲೂ ವಿಧಾನ, ಮಿತಿ, ಸಿಕ್ಕ ಸಂಖ್ಯೆ ಮೂರೂ ಇರಬೇಕು.

ಗುರುತು. ಎಚ್‌ಪಿಟಿಎಲ್‌ಸಿ ಇದ್ದರೆ ಒಳ್ಳೆಯದು. ಗಿಡದ ಅಂಶಗಳು ಪಟ್ಟೆಪಟ್ಟೆಯಾಗಿ ಬೇರ್ಪಟ್ಟು ಬೆರಳಚ್ಚಿನ ಹಾಗೆ ಕಾಣುತ್ತವೆ, ಅಸಲಿ ಮಾದರಿಯ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಡಿಎನ್‌ಎ ಪರೀಕ್ಷೆ ಪುಡಿಗೆ ಸರಿ, ಸಾರಕ್ಕೆ ನೆಚ್ಚುವಂತಿಲ್ಲ. ಬಿಸಿ, ದ್ರಾವಕ, ಸೋಸುವಿಕೆ ದಾಟುವಷ್ಟರಲ್ಲಿ ಡಿಎನ್‌ಎ ನಾಶವಾಗಿರುತ್ತದೆ. 2015ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಡಿಎನ್‌ಎ ಪರೀಕ್ಷೆಯ ಆಧಾರದಲ್ಲಿ ‘ಬಹಳ ಡಬ್ಬಿಗಳಲ್ಲಿ ಹೆಸರಿಸಿದ ಗಿಡವೇ ಇಲ್ಲ’ ಎಂದಾಗ ವಿಶ್ಲೇಷಕರು ತಕರಾರು ತೆಗೆದದ್ದು ಇದೇ ಕಾರಣಕ್ಕೆ. ಡಿಎನ್‌ಎ ಸಿಗಲಿಲ್ಲ ಅಂದಮಾತ್ರಕ್ಕೆ ಗಿಡ ಇರಲಿಲ್ಲ ಎಂದಾಗುವುದಿಲ್ಲ.

ಪ್ರಮಾಣ. ಕರ್ಕ್ಯುಮಿನ್‌ಗೆ ‘ಯುವಿ ವಿಧಾನ’ ಎಂದಿದ್ದರೆ ಅನುಮಾನಿಸಿ. ಯುವಿ ಒಂದು ನಿರ್ದಿಷ್ಟ ಬೆಳಕನ್ನು ಎಷ್ಟು ಹೀರಿತು ಎಂದಷ್ಟೇ ಅಳೆಯುತ್ತದೆ. ಅಲ್ಲೇ ಹೀರುವ ಹಳದಿ ಬಣ್ಣ ಬೆರೆಸಿದರೂ ಸಂಖ್ಯೆ ಏರುತ್ತದೆ. ಎಚ್‌ಪಿಎಲ್‌ಸಿಯಲ್ಲಿ ಕರ್ಕ್ಯುಮಿನ್, ಡಿಮೆಥಾಕ್ಸಿ, ಬಿಸ್‌ಡಿಮೆಥಾಕ್ಸಿ ಎಂದು ಮೂರು ಶಿಖರ ಕಾಣಬೇಕು. ಒಂದೇ ಶಿಖರ, ಉಳಿದೆರಡರ ಸುಳಿವೇ ಇಲ್ಲ ಎಂದರೆ ಅದು ಕಾರ್ಖಾನೆಯಲ್ಲಿ ಸಂಶ್ಲೇಷಿಸಿದ ಕರ್ಕ್ಯುಮಿನ್ ಇರಬಹುದು. ನೆನಪಿನ ಶಕ್ತಿಗೆಂದು ಮಾರುವ ಗಿಂಕ್ಗೊ ಎಲೆಯ ಸಾರದಲ್ಲಿ ಇನ್ನೊಂದು ಬಗೆಯ ಕಲಬೆರಕೆ: ಶೇ. 24 ಫ್ಲೇವನಾಯ್ಡ್ ತೋರಿಸಲು ಅಗ್ಗದ ರುಟಿನ್, ಕ್ವರ್ಸೆಟಿನ್ ಸುರಿಯುತ್ತಾರೆ. ಒಟ್ಟು ಸಂಖ್ಯೆ ಸರಿಯಾಗಿರುತ್ತದೆ, ಒಳಗಿನ ಅನುಪಾತ ತಪ್ಪಿರುತ್ತದೆ.

ಭಾರಲೋಹ. ಐಸಿಪಿ-ಎಂಎಸ್‌ನಲ್ಲಿ ಅಳೆದು ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ ನಾಲ್ಕಕ್ಕೂ ಸಂಖ್ಯೆ ಕೊಟ್ಟಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2007ರ ಮಾರ್ಗಸೂಚಿ ಗಿಡಮೂಲಿಕೆಗಳಲ್ಲಿ ಸೀಸಕ್ಕೆ 10 ಪಿಪಿಎಂ, ಕ್ಯಾಡ್ಮಿಯಂಗೆ 0.3 ಪಿಪಿಎಂ ಮಿತಿ ಹೇಳುತ್ತದೆ. ಪಿಪಿಎಂ ಅಂದರೆ ಗ್ರಾಂಗೆ ಎಷ್ಟು ಮೈಕ್ರೊಗ್ರಾಂ ಅಂತ. ಅದನ್ನು ನೀವು ತೆಗೆದುಕೊಳ್ಳುವ ತೂಕದಿಂದ ಗುಣಿಸಬೇಕು. 10 ಪಿಪಿಎಂ ಸೀಸವಿರುವ ಸಾರ ದಿನಕ್ಕೆ 600 ಮಿ.ಗ್ರಾಂ ಎಂದರೆ 6 ಮೈಕ್ರೊಗ್ರಾಂ. ಅದೇ 10 ಪಿಪಿಎಂ ಇರುವ ಚೂರ್ಣ ದಿನಕ್ಕೆ 5 ಗ್ರಾಂ ಎಂದರೆ 50 ಮೈಕ್ರೊಗ್ರಾಂ. ಎರಡರ ವರದಿಯಲ್ಲೂ ‘ಪಾಸ್’ ಎಂದೇ ಇರುತ್ತದೆ! ಚಮಚದ ಲೆಕ್ಕದಲ್ಲಿ ತಿನ್ನುವ ಪುಡಿಗೆ ಮಿತಿಗಿಂತ ಬಹಳ ಕೆಳಗಿನ ಸಂಖ್ಯೆಯೇ ಬೇಕು. ಅರಿಸಿನದಲ್ಲಂತೂ ಬಣ್ಣಕ್ಕಾಗಿ ಲೆಡ್ ಕ್ರೋಮೇಟ್ ಬೆರೆಸಿದ್ದು ಪತ್ತೆಯಾಗಿದೆ, ಹಾಗಾಗಿ ಸೀಸದ ಸಾಲು ಬಿಡಲೇಬಾರದು.

ಸೂಕ್ಷ್ಮಜೀವಿ, ಶಿಲೀಂಧ್ರ ವಿಷ. ಸಾಲ್ಮೊನೆಲ್ಲಾ ಇರಲೇಬಾರದು. ಬೇರು, ಕಾಯಿಗಳ ಪುಡಿಗೆ ಅಫ್ಲಾಟಾಕ್ಸಿನ್ ಸಾಲು ಬೇಕು, ಸರಿಯಾಗಿ ಒಣಗಿಸದೆ ಮೂಟೆ ಕಟ್ಟಿದರೆ ಬರುವುದು ಅದೇ. ದ್ರಾವಕದಿಂದ ತೆಗೆದ ಸಾರವಾದರೆ ಉಳಿದ ದ್ರಾವಕದ ಪ್ರಮಾಣವೂ ಇರಬೇಕು.

ವರದಿಯಲ್ಲಿ ಎಂದೂ ಕಾಣದ ಇನ್ನೊಂದು ವಿಷಯವಿದೆ: ಬಚ್ಚಿಟ್ಟ ಅಲೋಪಥಿ ಔಷಧಿ. 2007ರಿಂದ 2016ರವರೆಗೆ ಅಮೆರಿಕದ ಎಫ್‌ಡಿಎ ಹೀಗೆ ಪತ್ತೆಹಚ್ಚಿದ ಸಪ್ಲಿಮೆಂಟ್‌ಗಳು 776. ಲೈಂಗಿಕ ಶಕ್ತಿಯ ಹೆಸರಿನವು ಶೇ. 45.5, ತೂಕ ಇಳಿಸುವವು ಶೇ. 40.9, ಸ್ನಾಯು ಬೆಳೆಸುವವು ಶೇ. 11.9. ಮೊದಲನೆಯ ಗುಂಪಿನಲ್ಲಿ ಸಿಗುವುದು ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧಿ), ಎರಡನೆಯದರಲ್ಲಿ 2010ರಲ್ಲೇ ಮಾರುಕಟ್ಟೆಯಿಂದ ಹಿಂತೆಗೆದ ಸಿಬುಟ್ರಮಿನ್. ಕೀಲುನೋವಿನ ‘ಗಿಡಮೂಲಿಕೆ’ಗಳಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್, ಡೈಕ್ಲೊಫೆನಾಕ್ ಎಂಬ ನೋವು ನಿವಾರಕ ಸಿಕ್ಕಿವೆ. ಮಂಡಿನೋವಿಗೆ ಕೇಳುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತೇನೆ. ಗಿಡದ ಸಾರದ ಪರಿಣಾಮ ಕಾಣಲು ವಾರಗಳು ಬೇಕು. ಎರಡೇ ದಿನಕ್ಕೆ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ಊದಿ, ಶುಗರ್ ಏರಿದರೆ ಅದು ಸ್ಟಿರಾಯ್ಡ್ ಇರಬಹುದು. ವಾರಗಟ್ಟಲೆ ತೆಗೆದುಕೊಂಡಿದ್ದರೆ ಥಟ್ಟನೆ ನಿಲ್ಲಿಸುವುದೂ ಅಪಾಯ, ದೇಹದ ಸ್ವಂತ ಕಾರ್ಟಿಸಾಲ್ ಅಡಗಿರುತ್ತದೆ. ಡಬ್ಬಿ ಸಮೇತ ವೈದ್ಯರ ಹತ್ತಿರ ಹೋಗಬೇಕು.

---

ನೆಲನೆಲ್ಲಿ

ಬೇರುಬಿಳಲು ಅವರು ‘ಗುರುತು’ ಎಂದದ್ದಕ್ಕೆ ಹೆಸರಿನ ಗೊಂದಲವನ್ನೂ ಸೇರಿಸಬೇಕು. ಕನ್ನಡದಲ್ಲಿ ‘ಬ್ರಾಹ್ಮಿ’ ಅಂದರೆ ಬಹಳ ಮಂದಿಗೆ ಒಂದೆಲಗ, ಅಂದರೆ ಸೆಂಟೆಲ್ಲಾ ಏಷ್ಯಾಟಿಕಾ. ನೆನಪಿನ ಶಕ್ತಿಯ ಪ್ರಯೋಗಗಳು ಹೆಚ್ಚಾಗಿ ನಡೆದದ್ದು ನೀರುಬ್ರಾಹ್ಮಿಯ ಮೇಲೆ, ಅಂದರೆ ಬಕೋಪಾ ಮೊನ್ನಿಯೇರಿ, ದಿನಕ್ಕೆ 300 ಮಿ.ಗ್ರಾಂ ಸಾರ, 12 ವಾರ. ಒಂದರಲ್ಲಿ ಬಕೋಸೈಡ್, ಇನ್ನೊಂದರಲ್ಲಿ ಏಷ್ಯಾಟಿಕೋಸೈಡ್. ಇವು ಬೇರೆ ಬೇರೆ ಕುಟುಂಬದ ಗಿಡಗಳು. ‘ಶಂಖಪುಷ್ಪಿ’ ಹೆಸರಿನಲ್ಲೂ ಮೂರು ಗಿಡಗಳು ಓಡಾಡುತ್ತವೆ: ಕಾನ್ವಾಲ್ವುಲಸ್, ವಿಷ್ಣುಕ್ರಾಂತಿ, ಕ್ಲೈಟೋರಿಯಾ. ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುವವರು ಶಂಖಪುಷ್ಪಿ ಸಿರಪ್ ಕುಡಿದಾಗ ಫೆನಿಟಾಯಿನ್ ಪ್ರಮಾಣ ಇಳಿದು ಮೂರ್ಛೆ ಮರುಕಳಿಸಿದ್ದು ವರದಿಯಾಗಿದೆ.

ಅಮೃತಬಳ್ಳಿಯಲ್ಲೂ ಟಿನೋಸ್ಪೋರಾ ಕಾರ್ಡಿಫೋಲಿಯಾ ಬದಲು ಟಿನೋಸ್ಪೋರಾ ಕ್ರಿಸ್ಪಾ ಬರುವುದುಂಟು. ಲಿವರ್ ಉರಿಯೂತದ ವರದಿಗಳು ಬಂದಾಗ ಇಂಥ ಅದಲುಬದಲೇ ಕಾರಣ ಎಂಬ ವಾದ ಎದ್ದಿತು. ಗಿಡ ಸರಿಯಾದದ್ದೇ ಇದ್ದರೂ ರೋಗನಿರೋಧಕ ವ್ಯವಸ್ಥೆ ತನ್ನ ಮೇಲೇ ತಿರುಗಿಬೀಳುವ ಕಾಯಿಲೆ ಇರುವವರು ಇದರಿಂದ ದೂರ ಇರುವುದು ಕ್ಷೇಮ. ಹಾಶಿಮೊಟೊ ಥೈರಾಯ್ಡ್ ಕೂಡ ಅಂಥದ್ದೇ, ನಿಮ್ಮ ಪ್ರಶ್ನೆಯಲ್ಲಿರುವವರಿಗೆ ಥೈರಾಯ್ಡ್ ಯಾಕೆ ಮಂದವಾಗಿದೆ ಎಂದು ತಿಳಿದುಕೊಳ್ಳಿ.

ಹೆಸರು ತಪ್ಪಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ 1990ರ ದಶಕದ ಬೆಲ್ಜಿಯಂ ಸಾಕು. ತೂಕ ಇಳಿಸುವ ಕ್ಯಾಪ್ಸೂಲ್‌ಗೆ ಸ್ಟೆಫಾನಿಯಾ ಟೆಟ್ರಾಂಡ್ರಾ ಹಾಕಬೇಕಿತ್ತು. ಚೀನೀ ಹೆಸರು ಒಂದೇ ಥರ ಕೇಳುವುದರಿಂದ ಅರಿಸ್ಟೊಲೋಕಿಯಾ ಫಾಂಗ್ಚಿ ಬಂತು. ಅದರ ಅರಿಸ್ಟೊಲೋಕಿಕ್ ಆಮ್ಲದಿಂದ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಕೆಟ್ಟವು, ವರ್ಷಗಳ ನಂತರ ಹಲವರಲ್ಲಿ ಮೂತ್ರನಾಳದ ಕ್ಯಾನ್ಸರ್ ಬಂತು. ಸಸ್ಯಶಾಸ್ತ್ರೀಯ ಹೆಸರಿಲ್ಲದ ಡಬ್ಬಿಯನ್ನು ಅದಕ್ಕೇ ಮುಟ್ಟಬೇಡಿ ಎನ್ನುವುದು.

---

ಹೊಂಗೆನೆರಳು (ಪ್ರಶ್ನೆ ಕೇಳಿದವರು)

ಬಹಳ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಮೂರನೆಯ ಡಬ್ಬಿ ಬಿಟ್ಟೆವು. ಇನ್ನೆರಡು ವಿಷಯ: ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕೇ? ವೈದ್ಯರು ಒಪ್ಪಿದರೆ ಅಶ್ವಗಂಧ, ಅರಿಸಿನ ಎರಡನ್ನೂ ಒಟ್ಟಿಗೆ ಶುರು ಮಾಡಬಹುದೇ? ಮಲಬದ್ಧತೆಗೆ ಇಸಬ್‌ಗೋಲ್ ಕೂಡ ಇದೆ ಎಂದು ಈಗ ತಿಳಿಯಿತು.

---

ಅರೆಯುವಕಲ್ಲು

ಒಟ್ಟಿಗೆ ಬೇಡ. ಎರಡೂ ಅಪರೂಪಕ್ಕೆ ಲಿವರ್‌ಗೆ ಹಾನಿ ಮಾಡುವಂಥವು. ಒಟ್ಟಿಗೆ ಶುರು ಮಾಡಿ ತೊಂದರೆ ಬಂದರೆ ಯಾವುದರಿಂದ ಎಂದು ಹೇಳಲು ಆಗುವುದಿಲ್ಲ, ಎರಡನ್ನೂ ಜೀವನಪೂರ್ತಿ ಬಿಡಬೇಕಾಗುತ್ತದೆ. ಹೆಚ್ಚು ಕಾಡುತ್ತಿರುವ ತೊಂದರೆ ಯಾವುದೋ ಅದಕ್ಕೊಂದು ಆರಿಸಿಕೊಳ್ಳಿ. ಈ ಪ್ರಕರಣದಲ್ಲಿ ಥೈರಾಯ್ಡ್ ಮಾತ್ರೆ ಇರುವುದರಿಂದ ನಾನು ಅಶ್ವಗಂಧವನ್ನು ಹಿಂದಕ್ಕೆ ತಳ್ಳುತ್ತೇನೆ. ಅರಿಸಿನದಲ್ಲೂ ಪೈಪರಿನ್ ಇಲ್ಲದ ಸಾರವನ್ನು, ಕೊಬ್ಬಿನಂಶವಿರುವ ಊಟದ ಜೊತೆ, ದಿನಕ್ಕೆ 500 ಮಿ.ಗ್ರಾಂನಿಂದ ಶುರು ಮಾಡುವುದು ವಾಸಿ. 8ರಿಂದ 12 ವಾರದೊಳಗೆ ಮೆಟ್ಟಿಲು ಹತ್ತುವಾಗಿನ ನೋವಿನಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಪ್ರಮಾಣ ಏರಿಸುತ್ತಾ ಹೋಗಬೇಡಿ. ನೋವಿಗೆ ಶೂನ್ಯದಿಂದ ಹತ್ತರವರೆಗೆ ಅಂಕ ಕೊಟ್ಟು ವಾರಕ್ಕೊಮ್ಮೆ ಬರೆದಿಟ್ಟರೆ ಅಂದಾಜಿನ ಮೇಲೆ ತೀರ್ಮಾನಿಸುವ ಪ್ರಮೇಯ ಬರುವುದಿಲ್ಲ.

ಲಿವರ್ ಪರೀಕ್ಷೆ ಎಲ್ಲರಿಗೂ ತಿಂಗಳು ತಿಂಗಳು ಬೇಕಿಲ್ಲ. ಶುರುವಿಗೆ ಮುನ್ನ ಒಮ್ಮೆ ಮಾಡಿಸಿಟ್ಟರೆ ಮುಂದೆ ಹೋಲಿಸಲು ಒಂದು ಆಧಾರ ಇರುತ್ತದೆ. ಲಕ್ಷಣಗಳು ಅದಕ್ಕಿಂತ ಮುಖ್ಯ: ಕಾರಣವಿಲ್ಲದ ಸುಸ್ತು, ಊಟ ಸೇರದಿರುವುದು, ವಾಕರಿಕೆ, ಮೈತುರಿಕೆ, ಗಾಢ ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು. ಅರಿಸಿನದ ಸಾರದಲ್ಲಿ ಇದು ಹೆಚ್ಚಾಗಿ 1ರಿಂದ 4 ತಿಂಗಳೊಳಗೆ, ಅಶ್ವಗಂಧದಲ್ಲಿ 2ರಿಂದ 12 ವಾರದೊಳಗೆ ಕಾಣಿಸಿಕೊಳ್ಳುತ್ತದೆ. ಕಂಡ ದಿನವೇ ನಿಲ್ಲಿಸಿ ಎಎಲ್‌ಟಿ, ಎಎಸ್‌ಟಿ, ಎಎಲ್‌ಪಿ, ಬಿಲಿರುಬಿನ್ ಮಾಡಿಸಿ. ನಿಲ್ಲಿಸಿದರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ವಾಸಿಯಾದ ಮೇಲೆ ‘ಅದರಿಂದಲೇ ಆಯಿತೋ ನೋಡೋಣ’ ಎಂದು ಮತ್ತೆ ತೆಗೆದುಕೊಳ್ಳಲೇಬಾರದು, ಎರಡನೆಯ ಸಲ ಬೇಗನೆ, ಜೋರಾಗಿ ಬರಬಹುದು. ಯಾರಿಗೆ ಹೀಗಾಗುತ್ತದೆ ಎಂಬುದಕ್ಕೆ ಆನುವಂಶಿಕ ಸುಳಿವೊಂದು ಸಿಕ್ಕಿದೆ. ಅಮೆರಿಕದ ಲಿವರ್ ಹಾನಿ ಅಧ್ಯಯನ ಜಾಲ 2022ರಲ್ಲಿ ವರದಿ ಮಾಡಿದ ಅರಿಸಿನದ 10 ಪ್ರಕರಣಗಳಲ್ಲಿ 7 ಮಂದಿಗೆ ಎಚ್‌ಎಲ್‌ಎ-ಬಿ*35:01 ಎಂಬ ಜೀನ್ ರೂಪವಿತ್ತು. ಗ್ರೀನ್ ಟೀ ಸಾರದಿಂದ ಲಿವರ್ ಕೆಟ್ಟವರಲ್ಲೂ ಅದೇ ಕಂಡಿತ್ತು. ಒಂದರಿಂದ ತೊಂದರೆ ಆದವರು ಇನ್ನೊಂದನ್ನೂ ಬಿಡಬೇಕು ಎನ್ನುವುದು ಅದಕ್ಕೆ.

ಇಸಬ್‌ಗೋಲ್ ಒಳ್ಳೆಯದೇ, ಗಿಡಮೂಲದ ವಸ್ತುಗಳಲ್ಲಿ ಇಷ್ಟು ಗಟ್ಟಿ ಪುರಾವೆ ಇರುವವು ಕಡಿಮೆ. ಮಲಬದ್ಧತೆಯ ಜೊತೆ ಎಲ್‌ಡಿಎಲ್ ಕೊಲೆಸ್ಟರಾಲ್ ಕೂಡ ಸ್ವಲ್ಪ ಇಳಿಯುತ್ತದೆ. ಆದರೆ ಅದು ಲೆವೊಥೈರಾಕ್ಸಿನ್ ಹೀರಿಕೆಗೆ ಅಡ್ಡ ಬರಬಹುದು. ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ, ಇಸಬ್‌ಗೋಲ್ ರಾತ್ರಿಗೆ ಇಟ್ಟುಕೊಳ್ಳಿ. ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು. ಪ್ರತಿ ಸಲವೂ 240 ಮಿ.ಲೀ. ನೀರು ಪೂರ್ತಿ ಕುಡಿಯಬೇಕು, ಇಲ್ಲವಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ನುಂಗಲು ಕಷ್ಟಪಡುವವರಿಗೆ ಕೊಡಬಾರದು.

---

ಬೇರುಬಿಳಲು

ಡಬ್ಬಿ ಖಾಲಿಯಾದ ಮೇಲೂ ಲೇಬಲ್ ಮತ್ತು ಬ್ಯಾಚ್ ನಂಬರ್‌ನ ಫೋಟೊ ಇಟ್ಟುಕೊಳ್ಳಿ, ನಾಲ್ಕೈದು ಕ್ಯಾಪ್ಸೂಲ್ ಉಳಿಸಿದ್ದರೆ ಇನ್ನೂ ಒಳ್ಳೆಯದು. ಲಿವರ್ ತೊಂದರೆ ಬಂದು ಪರೀಕ್ಷೆಗೆ ಕಳಿಸಬೇಕಾದಾಗ ಹೊಸ ಬ್ಯಾಚ್‌ನ ಡಬ್ಬಿ ಪ್ರಯೋಜನಕ್ಕೆ ಬರುವುದಿಲ್ಲ, ಒಳಗಿನ ಸರಕು ಬದಲಾಗಿರಬಹುದು. ಹಲ್ಲು ಕೀಳಿಸುವುದು, ಶಸ್ತ್ರಚಿಕಿತ್ಸೆ ಏನಾದರೂ ಗೊತ್ತಾದರೆ ಅರಿಸಿನ, ಗಿಂಕ್ಗೊ, ಬೆಳ್ಳುಳ್ಳಿ, ಜಿನ್ಸೆಂಗ್ ಸಾರಗಳನ್ನು ಎರಡು ವಾರ ಮೊದಲೇ ನಿಲ್ಲಿಸಿ, ತೆಗೆದುಕೊಳ್ಳುತ್ತಿದ್ದ ವಿಷಯವನ್ನು ಅರಿವಳಿಕೆ ಕೊಡುವವರಿಗೆ ಹೇಳಿ. ಅವರು ‘ಯಾವ ಔಷಧಿ ತೆಗೆದುಕೊಳ್ಳುತ್ತೀರಿ’ ಎಂದು ಕೇಳಿದಾಗ ಬಹಳ ಜನ ಇವನ್ನು ಔಷಧಿಯೆಂದು ಎಣಿಸದೆ ಬಿಟ್ಟುಬಿಡುತ್ತಾರೆ.